ಬೇಡದ ಮನೆ, ಬಿಡದ ಬಾಡಿಗೆದಾರ

ಚಳ್ಳಕೆರೆಯಲ್ಲಿ ಕೈಗೆ ನಾಲ್ಕು ಕಾಸು ಬಂದವನ ಬಾಯಲ್ಲಿ ಈಗ ಒಂದೇ ಮಾತು: "ಎರಡು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ರೆ ಸಾಕು ಕಣಣ್ಣ, ಕೂತು ಉಣ್ಣಬಹುದು." ಒಂದು ಕಾಲಕ್ಕೆ ಈ ಊರಿನ ದುಡ್ಡೆಲ್ಲ ಶೇಂಗಾಕ್ಕೆ ಹೋಗುತ್ತಿತ್ತು, ಎಣ್ಣೆ ಮಿಲ್ಲಿಗೆ ಹೋಗುತ್ತಿತ್ತು. 'ಎಣ್ಣೆ ನಗರ', 'ಎರಡನೇ ಬೊಂಬಾಯಿ' ಎಂಬ ಬಿರುದುಗಳು ಆಗ ಬಂದದ್ದು. 1994ರಲ್ಲಿ ಪಾಮ್ ಎಣ್ಣೆಯ ಆಮದನ್ನು ಸರಕಾರ ಮುಕ್ತ ಮಾಡಿದ ಮೇಲೆ ಶೇಂಗಾ ಎಣ್ಣೆಗೆ ಹಳೆಯ ಕಿಮ್ಮತ್ತು ಉಳಿಯಲಿಲ್ಲ. ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿದವು. ದುಡ್ಡಿಗೆ ಹೋಗಲು ದಾರಿ ಬೇಕಲ್ಲ, ಅದು ಇಟ್ಟಿಗೆ ಸಿಮೆಂಟಿನ ಕಡೆ ತಿರುಗಿತು. ನಿವೃತ್ತ ನೌಕರನ ಗ್ರಾಚ್ಯುಟಿ, ಕಿರಾಣಿ ಅಂಗಡಿಯವರ ಉಳಿತಾಯ, ಈರುಳ್ಳಿಗೆ ಒಂದು ವರ್ಷ ರೇಟು ಕುದುರಿದ ರೈತನ ಲಾಭ, ಮೊಳಕಾಲ್ಮುರಿನಲ್ಲಾದರೆ ಸೀರೆ ವ್ಯಾಪಾರದ ಗಂಟು, ಎಲ್ಲವೂ ಕೊನೆಗೆ ಬಾಡಿಗೆ ಮನೆಯಾಗಿಯೋ ಮಳಿಗೆಯಾಗಿಯೋ ನಿಂತಿವೆ.

ನಿಂತ ಮೇಲಿನ ಕಥೆ ಬೇರೆ. ಸಂಜೆ ಬಸ್ಸಿಗೆ ಕಾಯುವವರ ಮಧ್ಯೆ ಹತ್ತು ನಿಮಿಷ ಕಿವಿಗೊಟ್ಟರೆ ಸಾಕು: ಒಬ್ಬನಿಗೆ ಎಂಟು ತಿಂಗಳ ಬಾಡಿಗೆ ಬಂದಿಲ್ಲ, ಇನ್ನೊಬ್ಬನ ಸೈಟಿಗೆ ಖಾತೆ ಆಗುತ್ತಿಲ್ಲ, ಮತ್ತೊಬ್ಬನ ಮಳಿಗೆಯೊಳಗೆ ಅವನು ಕಂಡೇ ಇಲ್ಲದ ಮನುಷ್ಯ ಕೂತು ವ್ಯಾಪಾರ ಮಾಡುತ್ತಿದ್ದಾನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು 'ಬಾಡಿಗೆಗೆ ಬಿಟ್ಟು ನೋಡು' ಎಂಬ ಮೂರನೆಯದನ್ನು ಸೇರಿಸಲು ಮರೆತರೋ ಏನೋ.

ಮೊದಲು ಮಾಲಿನ ಮಾತು. ಬಾಡಿಗೆದಾರನನ್ನು ಬೈಯುವ ಮಾಲೀಕರಲ್ಲಿ ಅರ್ಧ ಜನ ನಿಜವಾಗಿ ಬೈದುಕೊಳ್ಳಬೇಕಾದ್ದು ತಾವು ಕೊಂಡ ಸ್ವತ್ತನ್ನು. ಕುದಾಪುರದ ಕಡೆ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾದಾಗ ಈ ತಾಲ್ಲೂಕಿನ ನೆಲದ ರೇಟಿಗೆ ರೆಕ್ಕೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆ ಬಂತು, ಅಣು ಸಂಶೋಧನೆಯವರು ಬಂದರು, ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು, 2023ರ ಏಪ್ರಿಲ್‌ನಲ್ಲಿ ಇಸ್ರೋದ ರೆಕ್ಕೆಯ ವಾಹನ ಅಲ್ಲೇ ತಾನಾಗಿ ಇಳಿದು ದೇಶದ ಪತ್ರಿಕೆಗಳಲ್ಲೆಲ್ಲ ಚಳ್ಳಕೆರೆಯ ಹೆಸರು ಬಂತು. ಆಕಾಶದಿಂದ ವಾಹನ ಇಳಿಯುವ ಮೊದಲೇ ನೆಲದ ಮೇಲೆ ದಲ್ಲಾಳಿಗಳು ಇಳಿದಿದ್ದರು. "ಸೈನ್ಸ್ ಸಿಟಿ ಬರ್ತೈತೆ, ಸಾವಿರಾರು ಜನ ಬಾಡಿಗೆಗೆ ಬರ್ತಾರೆ, ಈಗ ಹಿಡಿದವನೇ ಜಾಣ" ಎಂದರು. ದನ ಮೇಯಿಸಿಕೊಂಡು, ಕಂಬಳಿ ನೇಯ್ದುಕೊಂಡು ಕಾವಲನ್ನೇ ನಂಬಿದ್ದ ಹಳ್ಳಿಗಳು ಹುಲ್ಲುಗಾವಲು ಕಳೆದುಕೊಂಡು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದವು. ಪೇಟೆಯವರು ಮಾತ್ರ ಸೈಟು ಹಿಡಿದರು. ಹಿಡಿದವರಲ್ಲಿ ಎಷ್ಟು ಜನ ಜಾಣರಾದರು ಎಂಬ ಲೆಕ್ಕವನ್ನು ಈ ದಲ್ಲಾಳಿಗಳು ಹೇಳುವುದಿಲ್ಲ.

ಹಿಡಿಯುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಬಹಳವಲ್ಲ. ಹೊಲವನ್ನು ಹೊಲವಾಗಿಯೇ ಇಟ್ಟು ಸುಣ್ಣದ ಗೆರೆ ಎಳೆದು ಮಾರಿದ 'ರೆವಿನ್ಯೂ ಸೈಟೋ', 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಪರಿವರ್ತನೆಯಾದ ನೆಲವೋ? ಕೆರೆ ಅಂಗಳವೋ, ಹಳ್ಳದ ದಂಡೆಯೋ? ಎಲ್ಲಕ್ಕಿಂತ ಮುಖ್ಯವಾಗಿ ಈ ಎರಡು ತಾಲ್ಲೂಕುಗಳಲ್ಲಿ ಕೇಳಲೇಬೇಕಾದ್ದು: ಮೂಲದಲ್ಲಿ ಇದು ಯಾರಿಗೆ ಮಂಜೂರಾದ ಜಮೀನು? ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗದವರಿಗೆ ಸರಕಾರ ಕೊಟ್ಟ ಜಮೀನನ್ನು ಸರಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯ ಪ್ರಕಾರ ಆ ಖರೀದಿ ನಿಲ್ಲುವುದಿಲ್ಲ. ಜಮೀನು ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ವಾಪಸ್ಸು. ಬಹಳ ವರ್ಷ ಕಳೆದಿದೆ, ಇನ್ನು ಯಾರು ಕೇಳುತ್ತಾರೆ ಎಂಬ ಧೈರ್ಯಕ್ಕೂ 2023ರ ತಿದ್ದುಪಡಿ ಕತ್ತರಿ ಹಾಕಿದೆ. ಅರ್ಜಿಗೆ ಕಾಲಮಿತಿಯೇ ಇಲ್ಲವೆಂದು ಅದು ಹೇಳುತ್ತದೆ. ಹತ್ತು ಮನೆಯ ವಠಾರ ಕಟ್ಟಿಸಿ ಬಾಡಿಗೆ ಎಣಿಸುತ್ತ ಕೂತವನಿಗೆ ಒಂದು ದಿನ ಅಸಿಸ್ಟೆಂಟ್ ಕಮಿಷನರ್ ಕಚೇರಿಯಿಂದ ನೋಟೀಸು ಬಂದರೆ ಆಗ ಬಾಡಿಗೆದಾರನನ್ನು ಬೈದು ಪ್ರಯೋಜನವಿಲ್ಲ. ಇದು ಕಾಯ್ದೆಯ ಕ್ರೌರ್ಯವೂ ಅಲ್ಲ. ಬಡವನ ಕೈಗೆ ಬಂದ ಎರಡೆಕರೆಯನ್ನು ಹೆಂಡದ ಸಾಲಕ್ಕೋ ಮಗಳ ಮದುವೆ ಸಾಲಕ್ಕೋ ಬರೆಸಿಕೊಂಡವರು ಈ ಸೀಮೆಯಲ್ಲಿ ಇದ್ದರೆಂಬುದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ.

2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದ ಸ್ವತ್ತಿನ ನೋಂದಣಿ ನಿಂತ ಮೇಲೆ ಇನ್ನೊಂದು ಬಗೆಯ ಪರದಾಟ ಶುರುವಾಗಿದೆ. ಬಾಡಿಗೆದಾರ ಖಾತೆ ಕೇಳುವುದಿಲ್ಲ, ನಲ್ಲಿ ಕೇಳುತ್ತಾನೆ; ಆದ್ದರಿಂದ ವರ್ಷಗಟ್ಟಲೆ ಎಲ್ಲ ಸರಿಯಾಗಿಯೇ ಇರುವಂತೆ ಕಾಣುತ್ತದೆ. ಮಾರಬೇಕಾದಾಗ, ಬ್ಯಾಂಕಿನಲ್ಲಿ ಸಾಲ ಎತ್ತಬೇಕಾದಾಗ ಮಾತ್ರ ಮಾಲಿನ ಬಣ್ಣ ಬಯಲು.

ಬಾಡಿಗೆದಾರ ಇರುವ ಮನೆಯನ್ನೇ ಕೊಳ್ಳುವವರು ಇನ್ನೊಂದು ವಿಷಯ ಮರೆಯುತ್ತಾರೆ. ಮನೆ ಕೈ ಬದಲಾದರೂ ಬಾಡಿಗೆದಾರಿಕೆ ಮುರಿದುಬೀಳುವುದಿಲ್ಲ, ಅದು ಹೊಸ ಮಾಲೀಕನ ಜತೆ ಮುಂದುವರಿಯುತ್ತದೆ. ಹಳೆಯ ಮಾಲೀಕ ಪಡೆದಿದ್ದ ಅಡ್ವಾನ್ಸ್ ಯಾರು ಕೊಡಬೇಕು? "ನನಗೆ ಕೊಟ್ಟಿಲ್ಲ" ಎನ್ನುತ್ತಾನೆ ಹೊಸಬ, "ಮನೆ ನನ್ನದಲ್ಲ" ಎನ್ನುತ್ತಾನೆ ಹಳಬ. ಭೋಗ್ಯಕ್ಕೆ ಕೂತವನಾದರೆ ಮೊತ್ತ ಲಕ್ಷಗಳಲ್ಲಿ ಇರುತ್ತದೆ, ಅವನು ಕದಲುವುದೇ ಇಲ್ಲ, ಕದಲಬೇಕಾಗಿಯೂ ಇಲ್ಲ. ಆ ಮೊತ್ತವನ್ನು ಖರೀದಿ ಹಣದಲ್ಲೇ ಮುರಿದುಕೊಂಡು ಕ್ರಯಪತ್ರದಲ್ಲಿ ಬರೆಸುವುದಕ್ಕೆ ಎರಡು ಸಾಲು ಸಾಕು. ಹಾಗೆಯೇ ಹಳೆಯ ಕರೆಂಟ್ ಬಿಲ್ಲು. ಮೀಟರಿನ ಬಾಕಿ ಹಿಂದಿನವನದ್ದಾದರೂ ನಿಯಮ ಇದ್ದರೆ ಹೊಸ ಮಾಲೀಕನಿಂದ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಮುಚ್ಚಿದ ಎಣ್ಣೆ ಮಿಲ್ಲನ್ನು ಗೋದಾಮಿಗೆಂದು ಅಗ್ಗದಲ್ಲಿ ಕೊಳ್ಳುವವರು ಯಂತ್ರ ನೋಡುವ ಮೊದಲು ಬೆಸ್ಕಾಂ ಬಾಕಿ ನೋಡುವುದು ಒಳ್ಳೆಯದು.

ಇನ್ನು ಬಾಡಿಗೆದಾರ. "ಮುಂದಿನ ವಾರ ಕೊಡ್ತೀನಿ ಬಿಡಣ್ಣ, ಎಲ್ಲಿಗೆ ಓಡಿ ಹೋಗ್ತೀನಿ?" ಎಂಬ ಮಾತಿನಿಂದ ಶುರುವಾಗುತ್ತದೆ. ಮಾಲೀಕ ಎರಡು ತಿಂಗಳು ದಾಕ್ಷಿಣ್ಯ, ನಾಲ್ಕು ತಿಂಗಳು ಸಿಟ್ಟು, ಆಮೇಲೆ ಪಂಚಾಯ್ತಿ. ಕೊನೆಗೆ ವಕೀಲರ ಹತ್ತಿರ ಹೋದಾಗ ಅವರು ಕೇಳುವ ಮೊದಲ ಪ್ರಶ್ನೆಗೇ ಬಾಯಿ ಕಟ್ಟುತ್ತದೆ: "ಕರಾರು ಪತ್ರ ಐತಾ? ಬಾಡಿಗೆ ತಗೊಂಡದ್ದಕ್ಕೆ ರಸೀದಿ ಐತಾ?" ಎರಡೂ ಇರುವುದಿಲ್ಲ. ಬಾಡಿಗೆಯನ್ನು ನಗದಾಗಿ ತೆಗೆದುಕೊಂಡು ರಸೀದಿ ಕೊಡದಿರುವುದು ಇನ್‌ಕಂ ಟ್ಯಾಕ್ಸಿನವರಿಂದ ತಪ್ಪಿಸಿಕೊಳ್ಳಲು ಮಾಡಿದ ಉಪಾಯ. ಈಗ ಅದೇ ಉಪಾಯ ಮಾಲೀಕನ ಕತ್ತಿಗೆ ಬಿದ್ದಿರುತ್ತದೆ. ಹೀಗೆ ಕಳ್ಳಲೆಕ್ಕ ಇಟ್ಟವನು ಕೋರ್ಟಿನಲ್ಲಿ ಸತ್ಯಲೆಕ್ಕ ಎಲ್ಲಿಂದ ತಂದಾನು? ಬಾಡಿಗೆ ಬಾಕಿಯನ್ನು ಮೂರು ವರ್ಷದೊಳಗೆ ದಾವೆ ಹಾಕಿ ಕೇಳದಿದ್ದರೆ ಅಷ್ಟೂ ಹೋಯಿತು, ಅದನ್ನೂ ಬಹಳ ಜನ ತಿಳಿದಿಲ್ಲ.

ಬಾಡಿಗೆದಾರರನ್ನು ಏಳಿಸಲು ಕಾನೂನೇ ಇಲ್ಲ, ಎಲ್ಲ ಅವರ ಕಡೆಗೇ ಎಂಬ ಗೊಣಗಾಟ ಹಳೆಯ ಕಾಲದ್ದು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದಾಗ ಅದಕ್ಕೆ ಅರ್ಥವಿತ್ತು. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದೇ ಇಲ್ಲ. ಅಂಗಡಿಯ ವಿಷಯದಲ್ಲಿ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಮೀರಿದ ಮಳಿಗೆಗೂ ಅದು ಇಲ್ಲ. ಇವತ್ತು ಎರಡು ಸಾವಿರದೊಳಗೆ ಎಂಥ ಮನೆ ಸಿಗುತ್ತದೆಂದು ಓದುಗರಿಗೇ ಗೊತ್ತು. ಹೀಗಾಗಿ ಚಳ್ಳಕೆರೆಯ ಹೆಚ್ಚಿನ ಜಗಳಗಳು ಬಂದು ನಿಲ್ಲುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮುಂದೆ. ಕರಾರು ಏನೂ ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೂ ಅಂಗಡಿಗೂ ಹದಿನೈದು ದಿನದ ಬರಹದ ನೋಟೀಸು, ಆಮೇಲೆ ದಾವೆ. ನೋಟೀಸು ತಲುಪಿದ್ದಕ್ಕೆ ಅಂಚೆಯ ರುಜುವಾತು ಇರಬೇಕು.

ಇಲ್ಲೊಂದು ಸೂಕ್ಷ್ಮವಿದೆ. ನೆಲವನ್ನೋ ಕಟ್ಟಡವನ್ನೋ ತಯಾರಿಕೆಯ ಕೆಲಸಕ್ಕೆಂದು ಕೊಟ್ಟು ಏನೂ ಬರೆಸಿಕೊಳ್ಳದಿದ್ದರೆ ಕಾನೂನು ಅದನ್ನು ವರ್ಷದ ಗುತ್ತಿಗೆ ಎಂದು ಎಣಿಸುತ್ತದೆ, ನೋಟೀಸು ಆರು ತಿಂಗಳದ್ದು ಆಗುತ್ತದೆ. ಎಣ್ಣೆ ಗಾಣಕ್ಕೆ ಷೆಡ್ಡು ಕೊಟ್ಟವನು, ಮೊಳಕಾಲ್ಮುರಿನಲ್ಲಿ ನಾಲ್ಕು ಮಗ್ಗ ಹಾಕಲು ಮನೆಯ ಮುಂಭಾಗ ಕೊಟ್ಟವನು ಈ ಸಾಲನ್ನು ಎರಡು ಸಲ ಓದಬೇಕು.

ಹನ್ನೆರಡು ವರ್ಷ ಕೂತರೆ ಬಾಡಿಗೆದಾರನೇ ಮಾಲೀಕನಾಗುತ್ತಾನೆ ಎಂಬ ಹೆದರಿಕೆಯೂ ಊರತುಂಬ ಇದೆ. ಈ ಹೆದರಿಕೆಯಿಂದಲೇ ಎಷ್ಟೋ ಜನ ಒಳ್ಳೆಯ ಬಾಡಿಗೆದಾರನನ್ನೂ ಮೂರು ವರ್ಷಕ್ಕೊಮ್ಮೆ ಎಬ್ಬಿಸುತ್ತಾರೆ. ಬಾಡಿಗೆ ಕೊಟ್ಟು ಕೂತವನು ಎಷ್ಟು ವರ್ಷ ಕೂತರೂ ಬಾಡಿಗೆದಾರನೇ. ತನ್ನನ್ನು ಒಳಗೆ ಬಿಟ್ಟ ಮಾಲೀಕನ ಹಕ್ಕನ್ನೇ ಅಲ್ಲಗಳೆಯಲು ಅವನಿಗೆ ಅವಕಾಶವಿಲ್ಲ. ಆದರೆ ಅವನು ಬಾಡಿಗೆದಾರನೆಂದು ತೋರಿಸಲು ಒಂದು ಚೂರು ಕಾಗದ ಬೇಕು. ಸುತ್ತಿ ಬಳಸಿ ಮತ್ತೆ ಅದೇ ರಸೀದಿಗೆ ಬಂತು ಮಾತು.

ಕೋರ್ಟು ಅಂದರೆ ಗೆದ್ದವ ಸೋತ, ಸೋತವ ಸತ್ತ ಎಂದುಕೊಂಡು ಕೆಲವರು ಹತ್ತಿರದ ದಾರಿ ಹಿಡಿಯುತ್ತಾರೆ. ರಾತ್ರಿ ಬೀಗದ ಮೇಲೆ ಬೀಗ, ನಲ್ಲಿ ಬಂದ್, ಫ್ಯೂಸು ಕಿತ್ತುಹಾಕುವುದು, ನಾಲ್ಕು ಹುಡುಗರನ್ನು ಕಳಿಸಿ ಪಾತ್ರೆ ಪಗಡೆ ಬೀದಿಗೆ ಹಾಕಿಸುವುದು. ಬೀದಿಯಲ್ಲಿ ನಿಂತ ಹೆಂಗಸು ಮಕ್ಕಳನ್ನು ಕಂಡು ನ್ಯಾಯ ಯಾರ ಕಡೆ ಇತ್ತೆಂದು ಆಮೇಲೆ ಯಾರೂ ಕೇಳುವುದಿಲ್ಲ. ಕಾನೂನೂ ಕೇಳುವುದಿಲ್ಲ. ನೆಲೆಯಾಗಿ ಕೂತವನನ್ನು, ಅವನ ಅವಧಿ ಮುಗಿದಿದ್ದರೂ, ಕಾನೂನಿನ ದಾರಿಯಲ್ಲದೆ ಹೊರಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಹಾಗೆ ಹೊರಬಿದ್ದವನು ಆರು ತಿಂಗಳೊಳಗೆ ದಾವೆ ಹಾಕಿದರೆ ಮನೆ ಯಾರದ್ದೆಂದು ವಿಚಾರಿಸುವ ಮೊದಲೇ ಅವನನ್ನು ವಾಪಸ್ಸು ಒಳಗೆ ಕೂಡಿಸಬಹುದು. ಎಂಟು ತಿಂಗಳ ಬಾಕಿಗೆ ಫಿರ್ಯಾದಿಯಾಗಬೇಕಿದ್ದ ಮಾಲೀಕ ಸ್ಟೇಷನ್ನಿನಲ್ಲಿ ಆರೋಪಿಯಾಗಿ ನಿಲ್ಲುತ್ತಾನೆ.

ಇಷ್ಟೆಲ್ಲ ಹೇಳಿದರೂ ಮುಖ್ಯವಾದ ಮಾತು ಉಳಿದೇ ಇದೆ. ಬೇಡದ ಬಾಡಿಗೆದಾರ ಎಂದರೆ ಯಾರು? ಬಾಡಿಗೆ ಕೊಡದವನು ಎಂದು ಬಾಯಲ್ಲಿ ಹೇಳುತ್ತಾರೆ. ಮನೆ ನೋಡಲು ಬಂದವನಿಗೆ ಕೇಳುವ ಪ್ರಶ್ನೆ ಬೇರೆ. ಎಲ್ಲಿ ಕೆಲಸ, ಎಷ್ಟು ಸಂಬಳ, ಹಿಂದೆ ಯಾವ ಮನೆಯಲ್ಲಿದ್ರಿ ಎಂಬುದು ಆಮೇಲೆ. ಮೊದಲಿಗೆ, ಜಗಲಿಯ ಮೇಲಿಂದಲೇ, "ನೀವು ಯಾವ ಜನ?" ನೇರವಾಗಿ ಕೇಳಲು ನಾಚಿಕೆಯಾದವರು "ನಿಮ್ಮ ಮನೆ ದೇವರು ಯಾವುದು?" ಎನ್ನುತ್ತಾರೆ, ಇನ್ನೂ ನಾಜೂಕಿನವರು "ಊಟ ಏನು ಮಾಡ್ತೀರಿ?" ಎನ್ನುತ್ತಾರೆ. ಉತ್ತರ ಹಿಡಿಸದಿದ್ದರೆ, ಬೋರ್ಡು ಇನ್ನೂ ನೇತಾಡುತ್ತಿದ್ದರೂ "ಅಯ್ಯೋ, ನಿನ್ನೆ ತಾನೆ ಅಡ್ವಾನ್ಸ್ ತಗೊಂಡ್ವಲ್ಲ" ಎಂಬ ಜವಾಬು.

ಚಳ್ಳಕೆರೆ, ಮೊಳಕಾಲ್ಮುರು ಎರಡೂ 2008ರಿಂದ ಪರಿಶಿಷ್ಟ ವರ್ಗಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಚುನಾವಣೆ ಬಂದಾಗ ಆ ಜನರ ಮತ ಕೇಳಲು ಮನೆಯ ಹೊಸ್ತಿಲು ದಾಟಿ ಒಳಗೆ ಹೋಗುವವರುಂಟು. ಆ ಜನ ಬಾಡಿಗೆ ಮನೆ ಕೇಳಿಕೊಂಡು ಬಂದರೆ ಹೊಸ್ತಿಲು ದಿಢೀರನೆ ಎತ್ತರವಾಗುತ್ತದೆ. ವರ್ಗವಾಗಿ ಬಂದ ಶಾಲಾ ಶಿಕ್ಷಕಿ, ತಾಲ್ಲೂಕು ಆಸ್ಪತ್ರೆಯ ನರ್ಸು, ಬ್ಯಾಂಕಿನ ಗುಮಾಸ್ತ, ಪ್ರತಿ ತಿಂಗಳು ಒಂದನೇ ತಾರೀಖು ಸಂಬಳ ಬರುವವರು, ಜಾತಿ ಒಂದೇ ಕಾರಣಕ್ಕೆ ಚಿತ್ರದುರ್ಗದಲ್ಲಿ ಮನೆ ಮಾಡಿ ದಿನಾ ಬಸ್ಸಿನಲ್ಲಿ ಓಡಾಡುವಂತಾದರೆ ಅದು ಈ ಊರಿಗೆ ಗೌರವವೇ? ಮದುವೆಯಾಗದ ಹೆಣ್ಣುಮಗಳಾದರಂತೂ ಪ್ರಶ್ನೆಗಳ ಪಟ್ಟಿ ಇನ್ನೂ ಉದ್ದ. ಆಕೆಯ ಸಂಬಳದ ಚೀಟಿಗಿಂತ ಆಕೆಯ ಮನೆಗೆ ಯಾರು ಬರುತ್ತಾರೆ ಎಂಬುದೇ ಮಾಲೀಕರಿಗೆ ದೊಡ್ಡದು. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಕೇರಿಯಲ್ಲಿ ವಾಸದ ಮನೆ ಪಡೆಯಲು ಅಡ್ಡಿಮಾಡುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಇದೆ, ಆದರೆ ಬಾಗಿಲು ತೆರೆಯದ ಮಾಲೀಕ ಕಾರಣವನ್ನು ಬರಹದಲ್ಲಿ ಕೊಡುವುದಿಲ್ಲವಲ್ಲ.

ವ್ಯಾಪಾರದ ಕಣ್ಣಿನಿಂದ ನೋಡಿದರೂ ಇದು ನಷ್ಟದ ಬಾಬತ್ತು. ಜಾತಿ ಕೂಡಿಬಂತೆಂದು ನಂಬಿ, ನಮ್ಮೋನೇ ಅಲ್ವ ಎಂದು ಕರಾರಿಲ್ಲದೆ ಅಡ್ವಾನ್ಸಿಲ್ಲದೆ ಕೊಟ್ಟ ಮನೆಯಲ್ಲೇ ಬಾಕಿ ಬೆಳೆಯುವುದು. ನೆಂಟಸ್ತನ ಇದ್ದ ಕಡೆ ನೋಟೀಸು ಕೊಡಲು ಮುಖ ಬರುವುದಿಲ್ಲ. ಅತ್ತ ತಿಂಗಳ ಸಂಬಳದ ಅಪರಿಚಿತನನ್ನು ವಾಪಸ್ಸು ಕಳಿಸಿದ ಮನೆ ಆರು ತಿಂಗಳು ಬೀಗ ಹಾಕಿಕೊಂಡು ಜೇಡರಹುಳಕ್ಕೆ ಬಿಟ್ಟಿ ವಸತಿಯಾಗಿರುತ್ತದೆ. ವಿಚಾರಿಸಬೇಕಾದ್ದು ಹಿಂದಿನ ಮನೆಯ ಮಾಲೀಕನನ್ನು. ಒಂದು ಫೋನು ಮಾಡಿ "ಹೆಂಗಪ್ಪ, ಬಾಡಿಗೆ ಸರಿಯಾಗಿ ಕೊಡ್ತಿದ್ನಾ? ಮನೆ ಹೆಂಗೆ ಇಟ್ಕೊಂಡಿದ್ದ?" ಎಂದರೆ ಮುಗಿಯಿತು. ಗುರುತಿನ ಚೀಟಿಯ ಪ್ರತಿ ತೆಗೆದುಕೊಂಡು ಠಾಣೆಗೆ ತಿಳಿಸುವುದೂ ತಪ್ಪಲ್ಲ, ಅದನ್ನು ಎಲ್ಲರಿಗೂ ಒಂದೇ ರೀತಿ ಮಾಡುವುದಾದರೆ. ಕಟ್ಟಡದ ಕೆಲಸಕ್ಕೆ ಬಂದ ಬಿಹಾರದ ಹುಡುಗನಿಗೆ ಮಾತ್ರ ಠಾಣೆ, ತಮ್ಮ ಕಡೆಯವನಿಗೆ ಕಾಫಿ ಎನ್ನುವುದಾದರೆ ಅದನ್ನು ಎಚ್ಚರಿಕೆ ಎನ್ನಲಾಗದು.

ಬಾಡಿಗೆದಾರನ ಬಾಯಿಗೂ ಒಂದಿಷ್ಟು ಮಾತು ಇದೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಹೀರಿ, ಬಿಡುವಾಗ ಸುಣ್ಣ ಬಣ್ಣ, ಒಡೆದ ಸ್ವಿಚ್ಚು, ಮೊಳೆ ಹೊಡೆದ ತೂತು ಎಂದು ಅರ್ಧ ಮುರಿದುಕೊಂಡು, ಉಳಿದರ್ಧಕ್ಕೆ ಆರು ತಿಂಗಳು ಅಲೆದಾಡಿಸುವ ಮಾಲೀಕರು ಕಡಿಮೆಯಿಲ್ಲ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ, ಅಂಗಡಿಗೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆಂದಿತು. ಅವಧಿ ಮುಗಿದರೂ ಬಿಡದವನಿಗೆ ಮೊದಲೆರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಎಂದೂ ಹೇಳಿತು. ಎರಡೂ ಕಡೆಗೆ ಕಿವಿ ಹಿಂಡುವ ಇಂಥ ಮಾದರಿ, ರಾಜ್ಯವೊಂದು ತನ್ನ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಜೀವ ಪಡೆಯುತ್ತದೆ. ರಿಪೇರಿಯ ವಿಷಯದಲ್ಲಿ ಮಾತ್ರ 1882ರ ಹಳೆಯ ಕಾಯ್ದೆಯೇ ಬಾಡಿಗೆದಾರನಿಗೆ ಒಂದು ಅಸ್ತ್ರ ಕೊಟ್ಟಿದೆ: ಮಾಲೀಕ ಮಾಡಿಸಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟ ಮೇಲೂ ಮಾಡಿಸದಿದ್ದರೆ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಮಣ್ಣು ಹೊಡೆಸದ ಮಾಲೀಕರು ನೆನಪಿಡಲಿ.

ಮೊಳಕಾಲ್ಮುರಿನ ಕಷ್ಟ ಬೇರೆಯೇ. ಅಲ್ಲಿ ಬಾಡಿಗೆ ಮನೆ ಎಂದರೆ ಬರೀ ಮಲಗುವ ಜಾಗವಲ್ಲ, ಮಗ್ಗ ಕೂರುವ ಜಾಗ. ಕುಣಿ ಮಗ್ಗಕ್ಕೆ ನೆಲ ಅಗೆಯಬೇಕು; ಮಾಲೀಕನಿಗೆ ನೆಲ ಕೆಟ್ಟಿತೆಂಬ ಸಂಕಟ, ನೇಕಾರನಿಗೆ ಕುಣಿ ಇಲ್ಲದೆ ಅನ್ನ ಇಲ್ಲ. ಭೌಗೋಳಿಕ ಗುರುತು ಪಡೆದ ರೇಷ್ಮೆ ಸೀರೆಯ ಹೆಸರು ದೇಶಕ್ಕೆಲ್ಲ ಗೊತ್ತು, ನೇಯುವವನ ಮನೆ ಬಾಡಿಗೆಯದ್ದೆಂಬುದು ಸೀರೆ ಉಟ್ಟವರಿಗೆ ಗೊತ್ತಿಲ್ಲ. ಅವನ ಕೂಲಿ ಸೀರೆಗಿಷ್ಟು ಎಂದು, ಮದುವೆ ತಿಂಗಳುಗಳಲ್ಲಿ ಕೈ ಓಡುತ್ತದೆ, ಆಷಾಢದಲ್ಲಿ ನಿಲ್ಲುತ್ತದೆ. ಇಂಥವನಿಂದ ಪ್ರತಿ ಐದನೇ ತಾರೀಖಿಗೆ ಬಾಡಿಗೆ ಎಂದು ಹಟ ಹಿಡಿದರೆ ವರ್ಷಕ್ಕೆ ನಾಲ್ಕು ಸಲ ಜಗಳ ಖಾತ್ರಿ. ವರ್ಷದ ಬಾಡಿಗೆಯನ್ನು ವ್ಯಾಪಾರದ ತಿಂಗಳುಗಳಿಗೆ ಹೆಚ್ಚು, ಆಷಾಢಕ್ಕೆ ಕಡಿಮೆ ಎಂದು ಕರಾರಿನಲ್ಲೇ ಹಂಚಿ ಬರೆದರೆ, ಬಿಡುವಾಗ ಕುಣಿ ಮುಚ್ಚಿ ನೆಲ ಸರಿಮಾಡಿಸುವ ಖರ್ಚು ಯಾರದ್ದೆಂದು ಒಂದು ಸಾಲು ಸೇರಿಸಿದರೆ, ಇಬ್ಬರ ತಲೆನೋವೂ ಇಳಿಯುತ್ತದೆ. ಅಂಗಡಿಕಾರರಿಗೂ ಇದೇ. ಮಳೆ ಕೈಕೊಟ್ಟ ವರ್ಷ ಈ ಸೀಮೆಯಲ್ಲಿ ಹೊಲ ಒಣಗಿದ ಹಿಂದೆಯೇ ಗಲ್ಲಾಪೆಟ್ಟಿಗೆಯೂ ಒಣಗುತ್ತದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಿದ 2023ರಲ್ಲಿ ಬಾಡಿಗೆ ತಡಮಾಡಿದವರನ್ನೆಲ್ಲ ಲಫಂಗರ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ. ಕೊಡಲಾಗದವನಿಗೂ ಕೊಡದವನಿಗೂ ವ್ಯತ್ಯಾಸ ಕಾಣದ ಮಾಲೀಕ ಒಳ್ಳೆಯವನನ್ನು ಓಡಿಸಿ ಕೆಟ್ಟವನನ್ನು ಉಳಿಸಿಕೊಳ್ಳುತ್ತಾನೆ, ಏಕೆಂದರೆ ಮಾನವಂತ ಬೇಗ ಎದ್ದು ಹೋಗುತ್ತಾನೆ.

ಒಳಬಾಡಿಗೆಯ ರೋಗ ಖಾಸಗಿ ಮಳಿಗೆಗಿಂತ ಸರಕಾರಿ ಮಳಿಗೆಗೇ ಹೆಚ್ಚು. ರಾಜ್ಯದ ಎಷ್ಟೋ ಪುರಸಭೆ, ನಗರಸಭೆಗಳ ಮಳಿಗೆಗಳನ್ನು ಹರಾಜಿನಲ್ಲಿ ಹಿಡಿದವನೊಬ್ಬ, ಗಲ್ಲಾದ ಹಿಂದೆ ಕೂತವನು ಇನ್ನೊಬ್ಬ. ಏಳಿಸಲು 1974ರ ಸಾರ್ವಜನಿಕ ಸ್ವತ್ತುಗಳ ಕಾಯ್ದೆ ಇದೆ, ಉಪಯೋಗಿಸುವ ಮನಸ್ಸು ಬೇಕು ಅಷ್ಟೆ.

ಬಾಡಿಗೆ ಕರಾರು ಹನ್ನೊಂದು ತಿಂಗಳಿಗೇ ಏಕೆ ಎಂದು ಬಹಳ ಜನ ಕೇಳುತ್ತಾರೆ. ವರ್ಷ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು, ಅದರ ಖರ್ಚು ತಪ್ಪಿಸಲು ಈ ಹನ್ನೊಂದು. ತಪ್ಪಿಲ್ಲ. ಆದರೆ ಹನ್ನೊಂದು ತಿಂಗಳಾದ ಮೇಲೆ ಮತ್ತೆ ಬರೆಸುವವರು ಎಷ್ಟು ಜನ? ಕರಾರು ಕೊಟ್ಟರೆ ಬಾಡಿಗೆದಾರನಿಗೆ ಬಲ ಬರುತ್ತದೆಂದು ಹೆದರುವವರು 2023ರಲ್ಲಿ ಗೃಹಜ್ಯೋತಿ ಬಂದಾಗ ಇನ್ನೂ ಬಿಗಿಯಾದರು. ಬಾಡಿಗೆದಾರರಿಗೂ ಆ ಯೋಜನೆ ಸಲ್ಲುತ್ತದೆ, ಅದಕ್ಕೆ ಕರಾರಿನಂಥ ದಾಖಲೆ ಬೇಕು. ಕೊಡದೆ ಸತಾಯಿಸಿದ ಮಾಲೀಕ ತನ್ನ ಮನೆಯ ಬಾಡಿಗೆದಾರನಿಗೆ ತಿಂಗಳ ಕರೆಂಟ್ ಬಿಲ್ಲಿನ ಹೊರೆ ಹೊರಿಸಿ, ಆಮೇಲೆ ಬಾಡಿಗೆ ತಡವಾಯಿತೆಂದು ಜಗಳಕ್ಕೆ ನಿಂತ.

ಜಗಳ ಕೈಮೀರುವ ಮೊದಲು ಹೋಗಬಹುದಾದ ಇನ್ನೊಂದು ಬಾಗಿಲಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ದಾವೆಯ ಮೊದಲೇ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಬಾಕಿಯನ್ನು ಕಂತಿನಲ್ಲಿ ತೀರಿಸಿ ಇಂಥ ತಾರೀಖಿಗೆ ಬೀಗದ ಕೈ ಒಪ್ಪಿಸುತ್ತೇನೆಂದು ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬೆಲೆ, ಅಪೀಲು ಇಲ್ಲ. ದಾವೆ ಹೂಡಿಯಾಗಿದ್ದರೆ ಕಟ್ಟಿದ ಕೋರ್ಟ್ ಫೀಯೂ ವಾಪಸ್ಸು ಬರುತ್ತದೆ.